ಕೆಮ್ಮುವ ಕುಟ್ರು ಹಕ್ಕಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಯುವಕ, ಒಬ್ಬ ಯುವತಿ ಕೂತಿದ್ದರು. ಯುವತಿಯ ತೊಡೆಯ ಮೇಲೆ ಒಂದು ಸ್ಪೀಕರ್, ಅವನ ಕೈಯಲ್ಲಿ ಹಕ್ಕಿಗಳ ಚಿತ್ರಪಟದ ಸುರುಳಿ. ಯಾವುದೋ ಶಾಲೆಯಲ್ಲಿ ಕಾಡಿನ ಪಾಠ ಮುಗಿಸಿ ಬರುತ್ತಿದ್ದರು. ಕದ್ದು ಕೇಳುವ ಚಟ ನನಗಿಲ್ಲ. ಅವನ ಗಂಟಲೇ ದೊಡ್ಡದು.

"ಸ್ಫೂರ್ತಿ, ಕುಟ್ರು ಹಕ್ಕಿ ರೆಕಾರ್ಡಿಂಗಲ್ಲಿ ಕೊನೇಲಿ ನಿಮ್ಮಪ್ಪ ಕೆಮ್ಮಿದ್ದಾರಲ್ಲ, ಅದನ್ನ ಕಟ್ ಮಾಡ್ಲೇಬೇಕು ಮಾರಾಯ್ತಿ."

"ಮೂರು ದಿನ ಮರದ ಕೆಳಗೆ ಕೂತು ರೆಕಾರ್ಡ್ ಮಾಡಿದ್ರು ಅಭಯ."

"ಗೊತ್ತು. ಇವತ್ತು ಅವರು ಇದ್ದಿದ್ರೆ ಅವರೇ ಕಟ್ ಮಾಡ್ತಿದ್ರು."

"ಇದ್ದಾಗ ಮಾಡ್ಲಿಲ್ವಲ್ಲ."

"ಇವತ್ತೇನಾಯ್ತು ಹೇಳು. ಸ್ಕೂಲ್ ಹಿಂದಿನ ಅತ್ತಿ ಮರದಲ್ಲಿ ನಿಜವಾದ ಕುಟ್ರುನೇ ಕೂಗ್ತು. ಯಾವ ಹಕ್ಕಿ ಅಂತ ಕೇಳಿದ್ರೆ ಮಕ್ಕಳಲ್ಲಿ ಒಬ್ಬರೂ ಕೈ ಎತ್ತಲಿಲ್ಲ."

"ಹ್ಞೂಂ."

"ಕುಟ್ರು ಅಲ್ವೇನ್ರೋ ಅಂದ್ರೆ, 'ಕುಟ್ರು ಅಲ್ಲ ಸಾರ್, ಕುಟ್ರು ಕೂಗಿದ ಮೇಲೆ ಕೆಮ್ಮುತ್ತೆ' ಅಂದ್ರು. ಹೋದ ವರ್ಷದಿಂದ ಆ ರೆಕಾರ್ಡಿಂಗ್ ಕೇಳಿಸಿ ನಾವು ಕಲಿಸಿದ್ದು ಇದು!"

ಅವಳು ತೊಡೆಯ ಮೇಲಿನ ಸ್ಪೀಕರನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನೇ ಮುಂದುವರಿಸಿದ.

"ಆಮೇಲೆ ಅಷ್ಟೂ ಮಕ್ಕಳು ಮರ ನೋಡ್ತಾ ಸುಮ್ನೆ ನಿಂತ್ಬಿಟ್ರು. ಕೆಮ್ಮುತ್ತೇನೋ ಅಂತ ಕಾಯ್ತಿದ್ರು. ನೋಡಿದ್ಯಾ?"

"ಇಲ್ಲ."

"ಅಲ್ಲೇ ನಿಂತಿದ್ಯಲ್ಲ!"

"ನಾನೂ ಮರಾನೇ ನೋಡ್ತಿದ್ದೆ."

ಮಲವಗೊಪ್ಪದಲ್ಲಿ ಇಬ್ಬರೂ ಇಳಿಯುವಾಗ ಅವನು ಸ್ಪೀಕರಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.