ತುಟಿ ಇನ್ನೂ ಆಡಾಕತ್ತಿತ್ತು

ಗುರುಗುಂಟಿ ಅಮರೇಶ್ವರನ ಆಣಿ, ಲಹರವ್ವ, ಇದು ಖರೇನ ನಡದದ್ದು. ಒಂದಕ್ಷರ ಸುಳ್ಳಿದ್ರ ಈ ಕುರ್ಚಿ ಬಿಟ್ಟು ನಾ ಏಳಬಾರದು. ಆ ಗಾಯದ ಮಾರಿಯಾಂವ ಸತ್ತಿಲ್ಲ... ಹೌದವ್ವ, ಅವನ, ಸೀರಿಯಲ್ಲಿನ ಪೈಲಟು. ಮುಂಜಾನಿ ಪ್ರಾಣೇಶ ಫೋನ್ ಹಚ್ಚಿದ್ದ, ಡಬ್ಬಿಂಗ್ ಸ್ಟುಡಿಯೋದಿಂದ. ಎರಡನೇ ಸೀಸನ್ ಬಂತಂತ. ಹೋದ ವರ್ಷ ಇಮಾನ ಉರದು ಬೂದಿ ಆತು ಅಂತ ಊರೆಲ್ಲಾ ಅತ್ತಿತ್ತಲ್ಲ? ಇಲ್ಲಂತ. ಅಂವ ಯಾವದೋ ಚಂದ್ರನ ಮ್ಯಾಲ ಬಿದ್ದು, ಕಾಲು ಮುರಕೊಂಡು, ಈಗ ಕುಂಟಕೋತ ಬರ್ತಾನಂತ.

ಯಾಕ ನಗ್ತಿ? ...ನಗು, ನಾನೂ ನಕ್ಕೆ. ನಕ್ಕು, ಫೋನ್ ಇಟ್ಟು, ಆಮ್ಯಾಲ ಗ್ವಾಡಿಗೆ ಒರಗಿ ಕುಂತೆ, ಭಾಳ ಹೊತ್ತು. ಇಮಾನದಾಗ ಉರದಾಂವ ಎದ್ದು ಬಂದ. ಅವಗ ಕನ್ನಡದ ದನಿ ಕೊಟ್ಟ ನನ್ನ ಮಗ ಕಲ್ಲೇಶ, ನೀರಿನ ಟ್ಯಾಂಕರಿನ ಕೆಳಗ ಹೋದಾಂವ... ಅಂವಗ ಎರಡನೇ ಸೀಸನ್ ಇಲ್ಲ.

ಚಹಾ ಬ್ಯಾಡ. ಕುಂದ್ರು ನೀ. ನಿಮ್ಮವ್ವ ಕಾಯಿಪಲ್ಲೆ ತರಾಕ ಹೋಗ್ಯಾಳ ಅಂತ ತಿಳದೀ? ಬೇಕಂತ ಹೋಗ್ಯಾಳ, ನಾವಿಬ್ಬರೂ ಮಾತಾಡಲಿ ಅಂತ. ನಿನ್ನೆ ನಿಮ್ಮಪ್ಪ ಜನಾರ್ದನರು ಫೋನ್ ಮಾಡಿದ್ರು. "ಅಮರೇಶಪ್ಪನವರೇ, ಅವಳು ನಮ್ಮ ಮಾತು ಕೇಳೋದಿಲ್ಲ, ನೀವೇ ಬಂದು ಒಂದ್ಮಾತು ಹೇಳಿ" ಅಂದ್ರು. ಅಷ್ಟು ದೊಡ್ಡ ನೌಕರಿ ಮಾಡಿದ ಮನಷ್ಯಾ, ಡಿಫೆನ್ಸಿನಾಗ ಇದ್ದಾಂವ, ನನ್ನಂಥ ಹಮಾಲಗ ಹಂಗ ಕೈ ಮುಗದು ಕೇಳಿದ್ರ ನಾ ಏನು ಮಾಡಲಿ? ಬಸ್ ಹತ್ತಿದೆ, ತಾರ್ನಾಕದಾಗ ಇಳದೆ, ಬಂದೆ.

ಹಮಾಲ ಅಂದೆ ಅಂತ ಹಗರ ತಿಳೀಬ್ಯಾಡ ಮತ್ತ. ಬೇಗಂ ಬಜಾರದಾಗ ಮೆಣಸಿನಕಾಯಿ ಚೀಲ ಎರಡೆರಡು ಒಮ್ಮೆಲೆ ಹೊತ್ತಾಂವ ನಾ. "ಬಾಜೂ ಹಟೋ" ಅಂತ ಒಂದು ಕೂಗು ಹೊಡದ್ರ ಅಫ್ಜಲಗಂಜಿನಾಗ ಬಸ್ಸಿನ ಕಂಡಕ್ಟರು ಹೊಳ್ಳಿ ನೋಡಬೇಕು, ಅಂಥಾ ದನಿ. ಶಾಲಿ? ಶಾಲಿ ಬಾಗಲಾ ನೋಡೀನಿ, ಒಳಗ ಭಾಳ ದಿನ ಇದ್ದಿಲ್ಲ. ಓದಾಕ ಬರಂಗಿಲ್ಲ. ಆದ್ರ ನಿಮ್ಮ ಸೀರಿಯಲ್ಲಿನಾಗ ಯುದ್ಧ ಹತ್ತಿದಾಗ ಹಿಂದ "ಓಡ್ರಿ, ಓಡ್ರಿ" ಅಂತ ಒದರಾಂವ ಯಾರು? ನಾನ. ಬಾಂಬ್ ಬಿದ್ದು ಸಾಯಾಂವ? ಅಂವನೂ ನಾನ. ಅಂಥಾ ದನಿ ಯಾರಿಗೆ ಐತಿ ಹೈದ್ರಾಬಾದಿನಾಗ? ಕಲ್ಲೇಶಗ ಎಲ್ಲಿಂದ ಬಂತು ಮತ್ತ? ಅಂವ ಫೋನಿನಾಗ ಹಲೋ ಅಂದ್ರ ಬಸಲಿಂಗಿಗೆ ಗಂಡ ಮಾತಾಡಾಕತ್ತಾನೋ ಮಗಾ ಮಾತಾಡಾಕತ್ತಾನೋ ತಿಳೀತಿದ್ದಿಲ್ಲ.

ಇರಲಿ. ನಾ ಬಂದದ್ದು ಸುಮಂತನ ಸಲುವಾಗಿ, ನಿಮ್ಮ ಮದುವಿ ಮಾತಿಗೆ.

ಮಾರಿ ತಿರುವಬ್ಯಾಡ. ಕೇಳಾರ ಕೇಳು. ಅಂವ ಒಳ್ಳೆ ಹುಡುಗ. ನನ್ನ ಬಾಯಿಂದ ಈ ಮಾತು ಬರಾಕ ಒಂದು ವರ್ಷ ಹಿಡೀತು ನೋಡು. ಮೊದಲ ನನಗ ಅಂವ ಕಂಡ್ರ ಆಗ್ತಿದ್ದಿಲ್ಲ, ಸುಳ್ಳ ಯಾಕ ಹೇಳಲಿ. ಮಾದಾಪುರದಾಗ ಕಂಪನಿ ನೌಕರಿ, ಸಂಜಿಗೆ ಹವ್ಯಾಸಕ್ಕ ಅಂತ ಬಂದು ಆ ಬೆಳ್ಳಿಗೂದಲಿನ ಪೈಲಟಗ ದನಿ ಕೊಡಾಂವ. ಅಂಗಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. ನನ್ನ ಮಗ ಅದ ಹೊತ್ತಿಗೆ ಅಂಗಡಿ ಬಾಗಲಾ ಹಾಕಿ, ಮೈಗೆಲ್ಲಾ ಮೆಣಸಿನಕಾಯಿ ಘಾಟು ಹಚಗೊಂಡು ಬರಾಂವ. ಆಕಾಶದಾಗ ಆ ಇಬ್ಬರು ಪೈಲಟ್‌ಗೋಳು ಯಾರು ಹೆಚ್ಚು ಇಮಾನ ಕೆಡವತಾರ ಅಂತ ಜಿದ್ದಿಗೆ ಬಿದ್ದಿದ್ರು. ಇಲ್ಲಿ ಇವರಿಬ್ಬರು ಯಾರು ಒಂದ ಸಲಕ್ಕ ಓಕೆ ಮಾಡತಾರ ಅಂತ. ಅಲ್ಲಿ ಅವರ ಜಗಳ ಆ ಗಿಡ್ಡಗೂದಲಿನ ಕ್ಯಾಪ್ಟನ್ನಮ್ಮನ ಸಲುವಾಗಿ. ಇಲ್ಲಿ... ಆಕಿಗೆ ದನಿ ಕೊಟ್ಟಾಕಿ ನೀನ ಅಲ್ಲ? ಮತ್ತ ನಾ ಏನು ಹೇಳೂದೈತಿ.

ಆ ದಿವಸ ನೆನಪೈತೇನು, ಇಬ್ಬರೂ ಒಂದ ಮೈಕಿಗೆ ನಿಂತಿದ್ದು? ನೀನ ಹೇಳಿದ್ದಿ ಪ್ರಾಣೇಶಗ, ಕೂಡಿ ನಿಲ್ಲಸ್ರಿ ಅಂತ. ಯಾವಾಗಲೂ ಒಬ್ಬೊಬ್ಬರ ಹೋಗಿ ಆ ಸಣ್ಣ ಖೋಲ್ಯಾಗ ನಿಂತು ಮಾತಾಡಿ ಬರೂದು, ಉಳದವರ ದನಿ ಬರೇ ಕಿವ್ಯಾಗ. ಜಗಳಾಡಾವ್ರು ಮಾರಿ ನೋಡಂಗಿಲ್ಲ, ಪ್ರೀತಿ ಮಾಡಾವ್ರೂ ಮಾರಿ ನೋಡಂಗಿಲ್ಲ, ಎಂಥಾ ಕೆಲಸ ಅದು. ಆ ಒಂದು ದಿವಸ ಕೂಡಿ ನಿಂತ್ರು. ಸುಮಂತ ಅಂದ, "ಅವಳು ನಿನ್ನವಳಲ್ಲ." ಕಲ್ಲೇಶ ಕಾಗದ ನೋಡಲೇ ಇಲ್ಲ, "ಆಕಿ ಯಾರಾಕಿನೂ ಅಲ್ಲ, ಆಕಿ ಆಕೀನ" ಅಂದುಬಿಟ್ಟ. ಪ್ರಾಣೇಶ ಹೊರಗಿಂದ, "ಕಲ್ಲೇಶಾ, ಶುದ್ಧ ಕನ್ನಡ ಮಾತಾಡಪ್ಪಾ, ಬಾಹ್ಯಾಕಾಶದಾಗ ರಾಯಚೂರಿಲ್ಲ." ಇಂವ ಸುಮ್ನಿರಬೇಕಲ್ಲ? "ಮೈಸೂರು ಐತೇನ್ರಿ ಸರ್?"

ಹಾಂ, ಹಿಂಗ ನಕ್ಕಿದ್ದಿ ನೀ ಅವತ್ತ. ಗಾಜಿನ ಈಕಡೆ ನಿಂತು, ಹೊಟ್ಟಿ ಹಿಡಕೊಂಡು. ಎಲ್ಲಾರೂ ನಕ್ರು. ಸುಮಂತ ಒಬ್ಬನ ನಗಲಿಲ್ಲ. ಅಂವ ನಿನ್ನ ಮಾರೀನ ನೋಡಾಕತ್ತಿದ್ದ. ನಾ ಬಾಕಿನ ಮ್ಯಾಲ ಕುಂತು ಅಂದ್ಕೊಂಡೆ, ಮಗನ, ಬಿತ್ತು ನಿನ್ನ ಇಮಾನ.

...ಅದ ಅವ್ವ, ಅದಕ್ಕ ಹೇಳಾಕತ್ತೀನಿ. ಹಂಗ ಬಿದ್ದಾಂವ ನನ್ನ ಮಗನ ಹೆಣಕ್ಕ ಹೆಗಲು ಕೊಟ್ಟ. ಕುಣಿಯಾಗ ಇಳದು ಮಣ್ಣು ಎಳದ, ಆ ಇಸ್ತ್ರಿ ಅಂಗೀ ಮ್ಯಾಲ. ಆಮ್ಯಾಲೂ ಮನಿಗೆ ಬರೂದು ಬಿಟ್ಟಿಲ್ಲ. ಬಂದು ಬಸಲಿಂಗಿ ಗುಳಿಗಿ ಸರಿಯಾಗಿ ತೊಗೋತಾಳೋ ಇಲ್ಲೋ ನೋಡಿ ಹೋಗ್ತಾನ. ನಿನ್ನ ಹೆಸರು ಒಮ್ಮಿಯೂ ಎತ್ತಿಲ್ಲ. ಆ ಹುಡುಗಗ ನೀ ಹೂಂ ಅನ್ನೂದ ಚಲೋ. ಸತ್ತಾಂವನ ಹಿಡಕೊಂಡು ಎಷ್ಟು ದಿನಾ...

ಬ್ಯಾಡ. ಫೋನ್ ತೆಗೀಬ್ಯಾಡ. ನನಗ ಗೊತ್ತೈತಿ ಏನು ಹಚ್ಚತಿ. ಬ್ಯಾಡಂದೆ...

ಹಚ್ಚಿದಿ.

...ಬೆಂಕಿ ಸಪ್ಪಳ. ಇಮಾನ ಉರಿಯಾಕತ್ತೈತಿ, ಗಾಯದ ಮಾರಿಯಾಂವ ರೇಡಿಯೋದಾಗ ಆಕಿಗೆ ಹೇಳಾಕತ್ತಾನ. "ನಾನು ಮರಳಿ ಬರುವುದಿಲ್ಲ. ನನಗಾಗಿ ಕಾಯಬೇಡ." ಅದರ ಹಿಂದ ಆ ಒಂದು ಮಾತು.

ಬಂದ್ ಮಾಡು. ಸಾಕು.

ಇಲ್ಲ, ಸ್ಕ್ರಿಪ್ಟಿನಾಗ ಇದ್ದಿದ್ದಿಲ್ಲ ಅದು. ಗೊತ್ತೈತಿ ನನಗ. ಆ ಪೈಲಟು ಅದನ್ನ ಹೇಳೂದಿಲ್ಲ ಅಂತನೂ ಗೊತ್ತೈತಿ, ಇಂಗ್ಲಿಷಿನಾಂವ ಯಾಕ ಹೇಳ್ತಾನ. ಆದ್ರ ಅದು ನಿನಗಂತನ ಹೇಳಿದ್ದು ಅಂತ ಹ್ಯಾಂಗ... ಏನಂದಿ?

ದಿನಾ ಕೇಳತಿದ್ದನಾ?

ಸ್ಟುಡಿಯೋದಾಗ? ನೀ ಬಂದ ಕೂಡಲೇ? ಆ ಮಾತ ಕೇಳತಿದ್ದನಾ, ಹಂಗ, ನಮ್ಮ ಭಾಷಾದಾಗ?

...ನನಗ ಗೊತ್ತಿದ್ದಿಲ್ಲವ್ವ. ನೀ ಈ ಮಾತು ಒಂದು ದಿನಾನೂ ಹೇಳಿದ್ದಿಲ್ಲ ನನಗ. ಅಂವ ನಿನಗ ಕೇಳತಿದ್ದ... ಅದು ನಮ್ಮ ಮನೀ ಮಾತು. ಅಂವ ಇಷ್ಟುದ್ದ ಇದ್ದಾಗಿಂದ. ನಾ ಬಜಾರದಿಂದ ಬರೂದು, ಗಂಟಲು ಕಟ್ಟಿರೂದು, ಮುದ್ದು ಮಾಡಾಕ ನನಗ ಬರ್ತಿದ್ದಿಲ್ಲ, ನಮ್ಮಪ್ಪನೂ ನನಗ ಮಾಡಿದ್ದಿಲ್ಲ. ಬಾಗಲಾಗ ಚಪ್ಪಲಿ ಬಿಟ್ಟು, ಅಂವ ಮೂಲ್ಯಾಗ ಪುಸ್ತಕ ಹಿಡಕೊಂಡು ಕುಂತಿರ್ತಿದ್ದ, ನಿಂತಲ್ಲಿಂದನ ಒಂದ ಮಾತು ಕೇಳತಿದ್ದೆ. "ಉಂಡಿಯೇನು?"

ಯಾಕ ಹಂಗ ನೋಡ್ತಿ?

ಯಾಕವ್ವ? ಏನಂದೆ ನಾನು ಈಗ? ಉಂಡಿಯೇನು ಅಂತ ಅಂದೆ, ಅಷ್ಟ... ಫೋನ್ ಕೆಳಗ ಇಡು. ಮತ್ತೊಮ್ಮೆ ಹಚ್ಚಬ್ಯಾಡ. ಲಹರವ್ವ. ಬ್ಯಾಡ.

...

ಹಚ್ಚೇಬಿಟ್ಟಿ. ಹೇಳಿದೆನಲ್ಲ, ಅಪ್ಪ ಮಗನ ದನಿ ಒಂದ ಇರ್ತೈತಿ. ಬಸಲಿಂಗೀನ ಗುರುತು ಹಿಡೀತಿದ್ದಿಲ್ಲ. ಅಂದಮ್ಯಾಲ ನಿನಗ... ಏನರ ಅನ್ನು. ಬೈ ಬೇಕಾದ್ರ.

ಒಂದು ಮಾತಾರ ಅನ್ನವ್ವ.

...ಅಂವ ಆ ಸೀನ್ ಮಾಡಲೇ ಇಲ್ಲ.

ಅದರ ಸಲುವಾಗೇ ಹೊಂಟಿದ್ದ ಸ್ಟುಡಿಯೋಕ್ಕ, ಗಾಡಿ ಮ್ಯಾಲ. ನಿನಗ ಹೇಳಿದ್ರು ಹಿಂದಿನ ದಿನಾನ ಮುಗಿಸಿದ್ದ ಅಂತ. ಸುಳ್ಳು. ಕಲ್ಲೇಶನ ದಿನಕರ್ಮ ಮುಗದ ಮ್ಯಾಲ ಪ್ರಾಣೇಶ ಮನಿಗೆ ಬಂದು ಅತ್ತ. "ಕಾಕಾ, ಸೀರಿಯಲ್ ಕಳಸಬೇಕು, ಒಂದು ಸೀನ್ ಉಳದೈತಿ, ಬ್ಯಾರೇದವನ ದನಿ ಹಾಕಿದ್ರ ಅವನ ಕೆಲಸೆಲ್ಲಾ ಅಳಿಸಿ ಮೊದಲಿಂದ ಮಾಡಬೇಕು" ಅಂದ. ಅವನ ಕೆಲಸ ಅಳಿಸ್ತೀನಿ ಅಂದಾಗ ನಾ ಎದ್ದೆ. ಅಂಗಿ ತೊಟಗೊಂಡೆ.

ಓದಾಕ ಬರಂಗಿಲ್ಲಲ್ಲ. ಪ್ರಾಣೇಶ ಕಿವ್ಯಾಗ ಹೇಳೂದು, ನಾ ಅನ್ನೂದು. ಮರಳಿ ಬರುವುದಿಲ್ಲ, ಅಂದೆ. ಕಾಯಬೇಡ, ಅಂದೆ. ಅಲ್ಲಿಗೆ ಕನ್ನಡ ಮುಗೀತು. ಆದ್ರ ಪರದೆ ಮ್ಯಾಲ ಅವನ ತುಟಿ ಇನ್ನೂ ಆಡಾಕತ್ತಿತ್ತು. ಒಮ್ಮೊಮ್ಮೆ ಅವರ ಮಾತು ಉದ್ದ ಇರ್ತೈತಿ, ನಮ್ಮದು ಮೊದಲ ಮುಗೀತೈತಿ, ನಿನಗ ಗೊತ್ತಿದ್ದದ್ದ. "ಕಾಕಾ, ತುಟಿ ಆಡಾಕತ್ತೈತಿ, ಏನರ ತುಂಬ್ರಿ" ಅಂದ ಪ್ರಾಣೇಶ. ಏನು ತುಂಬಲಿ? ಮುಂದ ಒಬ್ಬ ಹುಡುಗ ಸಾಯಾಕತ್ತಾನ, ಮಾರಿ ತುಂಬ ರಕ್ತ... ಟ್ಯಾಂಕರ್ ಹಾಯ್ದ ದಿನಾ ಕಲ್ಲೇಶ ಉಣಲಾರದ ಹೋಗಿದ್ದ. ಹೊತ್ತಾತು, ಬಂದು ಉಣ್ತೀನಿ ಅಂತ. ಬಸಲಿಂಗಿ ತಾಟು ಮುಚ್ಚಿಟ್ಟಿದ್ಲು.

ಅದಕ್ಕ ಕೇಳಿದೆ. ಅಂವಗ ಕೇಳಿದ್ದವ್ವ ಅದು. ನಿನಗಲ್ಲ.

ಬಾಲ್ಕನಿಗೆ ಹೋಗ್ತಿ? ಹೋಗು. ಇಲ್ಲಿಂದನ ಹೇಳ್ತೀನಿ, ನನ್ನ ದನಿ ಕೇಳಸ್ತೈತಿ.

ಅವತ್ತ ಗಾಜಿನ ಆಚೆ ಸುಮಂತ ನಿಂತಿದ್ದ. ಎಲ್ಲಾ ನೋಡ್ಯಾನ ಅಂವ. ನೀ ಬಂದು ಬಂದು ಅದನ್ನ ಹಚ್ಚಿ ಅಳತಿದ್ದಿ, "ಕಾಕಾ, ನನಗ ಹೇಳಿ ಹೋದ" ಅಂತಿದ್ದಿ, ನಾ ತೆಲಿ ಹಾಕತಿದ್ದೆ. ಯಾಕ ಹೇಳಲಿಲ್ಲ ಅಂತ ಕೇಳು. ನನ್ನ ಮಗ ಗೆದ್ದ ಅನಿಸ್ತಿತ್ತು. ಸತ್ತು ಗೆದ್ದ, ಮಾದಾಪುರದಾಂವ ಬದುಕಿ ಸೋತ. ಸುಮಂತ ಒಂದು ಮಾತು ನಿನ್ನ ಮುಂದ ಅಂದಿದ್ರ ಮುಗದು ಹೋಗ್ತಿತ್ತು, ಅದು ಮುದುಕನ ದನಿ ಅಂತ. ಅನ್ನಲಿಲ್ಲ. ಇಡೀ ವರ್ಷ. ನೀ ಅವಗ ಬ್ಯಾಡಂದ ಮ್ಯಾಲೂ ಅನ್ನಲಿಲ್ಲ. ನಾ ಒಮ್ಮೆ ಕೇಳೇಬಿಟ್ಟೆ, ಯಾಕೋ ಅಂತ. "ಅದು ನಿಮ್ಮದು, ಕಾಕಾ" ಅಂದ. ಅಷ್ಟ.

ಕಲ್ಲೇಶ ನಿನಗ ಏನು ಹೇಳಾಂವಿದ್ನೋ ನನಗ ಗೊತ್ತಿಲ್ಲ. ಹೇಳತಿದ್ನೋ ಇಲ್ಲೋ, ಅದೂ ಗೊತ್ತಿಲ್ಲ. ನಿನಗ ದಿನಾ ಉಂಡಿಯೇನು ಅಂತಿದ್ದ ಅಂತ ಇವತ್ತ ಗೊತ್ತಾತು. ನನಗ ಅಷ್ಟ ಸಾಕು. ನಿನಗ ಸಾಕೋ ಇಲ್ಲೋ...

ಸುಮಂತಗ ಹೂಂ ಅನ್ನು ಅಂತ ಹೇಳಾಕ ಬಂದಿದ್ದೆ. ಈಗ ಅದನ್ನೂ ಹೇಳಂಗಿಲ್ಲ. ಹೇಳೋ ಬಾಯಿ ಉಳಕೊಂಡಿಲ್ಲ ನನಗ.

ಪ್ರಾಣೇಶ ಮುಂಜಾನಿ ಫೋನ್ ಮಾಡಿದ್ದು ಯಾಕ ಅಂತ ನೀ ಕೇಳಲಿಲ್ಲ. ಕುಂಟಕೋತ ಬರ್ತಾನಲ್ಲ ಅಂವ, ಅವಗ ದನಿ ನಾನ ಕೊಡಬೇಕಂತ. ಕ್ಯಾಪ್ಟನ್ನಮ್ಮ ನೀನ. ಕಂತು ಕಂತಿಗೆ ನಿನ್ನ ಕಿವ್ಯಾಗ ನಾ ಅವನಂಗ ಮಾತಾಡಬೇಕು. ಸಂಜಿಗೆ ಹೇಳ್ತೀನಿ ಅಂದಿದ್ದೆ. ಆಸೆ ಆಗಿತ್ತವ್ವ. ರೊಕ್ಕದ ಆಸೆ ಅಲ್ಲ. ಅಂವ ಇನ್ನೊಂದಿಷ್ಟು ದಿನಾ ಮಾತಾಡಲಿ ಅಂತ.

ತಡಿ...

ಹಲೋ. ಪ್ರಾಣೇಶಾ? ನಾ, ಅಮರೇಶಪ್ಪ... ಇಲ್ಲಪಾ. ಬರಂಗಿಲ್ಲ... ಗಂಟಲಕ್ಕ ಏನಾಗಿಲ್ಲ, ಕಲ್ಲಿನಂಗೈತಿ. ಒಲ್ಲೆ ಅಂದೆ... ಬ್ಯಾರೆ ದನಿ ಹುಡುಕು. ಚಂದ್ರನ ಮ್ಯಾಲ ಬಿದ್ದು ಎದ್ದು ಬಂದಾವನ ದನಿ ಬದಲಾಗಿರ್ತೈತಿ, ಜನಾ ನಂಬತಾರ... ಹೂಂ. ಇಡ್ತೀನಿ.

ಆತು.

ಲಹರವ್ವ... ಈಕಡೆ ತಿರುಗಂಗಿಲ್ಲೇನು?

ಒಂಬತ್ತು ಕಂತಿದ್ದುವು. ಕಂತಿಗೆ ಮೂರು ಸಾವಿರದ ಎರಡನೂರಾ ಐವತ್ತು ಅಂದಿದ್ದ... ಹೋತು. ಇಪ್ಪತ್ತೊಂಬತ್ತು ಸಾವಿರದ ಎರಡನೂರಾ ಐವತ್ತು ರೂಪಾಯಿ.