ಸ್ಕ್ವೇರ್ ಲೆಗ್‌ನಿಂದ ಒಂದು ಸನ್ನೆ

ಅಲ್ಲ, ಅಲ್ಲ, ಅಲ್ಲ! ಸೊಂಟದ ಎತ್ತರ ಅಂದ್ರೆ ಬ್ಯಾಟ್ ಮಾಡೋಳು ನೆಟ್ಟಗೆ ನಿಂತಾಗಿನ ಎತ್ತರ. ಹೆದರಿ ಕುಕ್ಕರಿಸಿದಾಗಿನದ್ದಲ್ಲ. ನನಗೇ ನಿಯಮ ಹೇಳಿಕೊಡ್ತೀಯಾ? ತಮ್ಮನ ಮಗಳು ಅಂತ ಆ ಪುಸ್ತಕ ತಂದುಕೊಟ್ಟು, ಪುಟ ಪುಟ ಓದಿಸಿ, ಅಂಪೈರ್ ಪರೀಕ್ಷೆಗೆ ಕೂರಿಸಿದ್ದು ಯಾರು? ... ಹಾಂ. ಹಾಗಾದ್ರೆ ಕೂತ್ಕೋ. ನೆಟ್ಟಗೆ ಕೂತ್ಕೋ. ಅಂಪೈರ್ ಕೋಟು ಹಾಕ್ಕೊಂಡು ಯಾರಾದ್ರೂ ಹಾಗೆ ಮುದುಡಿಕೊಂಡು ಕೂರ್ತಾರಾ?

ಬ್ಯಾಟ್ ಮಾಡ್ತಿದ್ದ ಆ ಹುಡುಗಿಯನ್ನ ನೆನೆಸಿಕೊಂಡ್ರೆ ನನಗೂ ಕರುಳು ಚುರುಕ್ ಅನ್ನುತ್ತೆ. ದವಡೆ ಮುರಿದಿದೆಯಂತೆ, ಈಗ ತಾನೇ ಆಸ್ಪತ್ರೆಯಿಂದ ಫೋನ್ ಬಂತು. ಅವಳಮ್ಮ ಮೈದಾನದ ಮೆಟ್ಟಿಲ ಹತ್ರ ನಿಂತು ನನ್ನನ್ನೇ ದುರುಗುಟ್ಟಿಕೊಂಡು ನೋಡಿದ್ಲು... ನೋಡಲಿ! ಚೆಂಡು ಎಸೆದದ್ದು ನಾನಾ?

ಆ ಬೌಲರ್ ಕೈಯಿಂದ ಜಾರಿದ್ದು ಮೂರು ಚೆಂಡು. ಮೂರೂ ನೆಲಕ್ಕೆ ತಾಗದೆ ನೇರ ಮೈಮೇಲೆ. ಮೊದಲನೇದು ಸೊಂಟಕ್ಕಿಂತ ಕೆಳಗೆ ಅಂತ ಬಿಟ್ಟೆ. ಎರಡನೇದು ಸೊಂಟದ ಮೇಲೆ, ಅದಕ್ಕೆ ನೋ-ಬಾಲ್ ಕೊಟ್ಟು, ಕ್ಯಾಪ್ಟನ್ನನ್ನೂ ಕರೆದು, ಇದೇ ಮೊದಲು ಇದೇ ಕೊನೆ ಅಂತ ಎಚ್ಚರಿಕೆ ಕೊಟ್ಟೆ. ಮೂರನೇದು ದವಡೆಗೆ ಬಿತ್ತು. ಆಗ ಬೌಲಿಂಗ್‌ನಿಂದಲೇ ತೆಗೆದೆ. ಎಲ್ಲಿದೆ ತಪ್ಪು, ತೋರಿಸು!

ಗೊತ್ತು, ಗೊತ್ತು, ನಿನ್ನ ಮುಖದಲ್ಲೇ ಬರೆದಿದೆ. ಮೊದಲನೇದಕ್ಕೇ ಎಚ್ಚರಿಸಿದ್ರೆ ಎರಡನೇದಕ್ಕೇ ಅವಳನ್ನ ತೆಗೀಬೇಕಿತ್ತು, ಮೂರನೇದು ಬೀಳ್ತಾನೇ ಇರ್ಲಿಲ್ಲ. ಸರಿ! ಆದ್ರೆ ನಾನು ಬೌಲರ್ ಹಿಂದೆ ನಿಂತೋಳು. ನನ್ನಿಂದ ಆಚೆ ಹೋಗೋ ಚೆಂಡಿನ ಎತ್ತರ ನನಗೆಷ್ಟು ತಿಳೀಬೇಕು? ಪಕ್ಕದಿಂದ ನೋಡೋಳು ನೀನು, ಸ್ಕ್ವೇರ್ ಲೆಗ್‌ನಲ್ಲಿ. ಅದಕ್ಕೇ ತಾನೇ ನಮ್ಮಿಬ್ಬರ ಸನ್ನೆ? ಸೊಂಟದ ಮೇಲೆ ಹೋದ್ರೆ ಕೈ ಎದೆ ಮೇಲೆ. ಇಲ್ಲದಿದ್ರೆ ಕೈ ಕೆಳಗೆ. ಕೂಗೋದು, ಓಡಿ ಬರೋದು ನನಗಾಗಲ್ಲ, ಸಂತೆಯಲ್ಲ ಅದು. ಮೊದಲನೇ ಚೆಂಡು ಹೋದ ಕೂಡಲೇ ನಾನು ನಿನ್ನ ಕಡೆ ನೋಡಿದೆ. ಕೈ ಕೆಳಗಿತ್ತು.

ಏನು ಹಾಗೆ ನೋಡ್ತೀಯ? ಕೆಳಗಿತ್ತು! ವರದಿಯಲ್ಲೂ ಬರೆದಿದ್ದೀನಿ: 'ಸ್ಕ್ವೇರ್ ಲೆಗ್ ಅಂಪೈರ್ ಯಾವ ಸನ್ನೆಯನ್ನೂ ಮಾಡಲಿಲ್ಲ.' ತಗೋ ಪೆನ್ನು, ಸಹಿ ಹಾಕು. ಇವತ್ತೇ ಕ್ರಿಕೆಟ್ ಸಂಸ್ಥೆಗೆ ಕಳಿಸಬೇಕು. ನಿನಗಿದು ಮೊದಲನೇ ವರ್ಷ. ನಾಲ್ಕು ಮಾತು ಅಂತಾರೆ, ಆರು ತಿಂಗಳು ಮನೇಲಿ ಕೂರಿಸ್ತಾರೆ, ಆಮೇಲೆ ಕರೀತಾರೆ. ನನ್ನನ್ನ ಕೂರಿಸಿದ್ರೆ ಈ ವಯಸ್ಸಲ್ಲಿ ಮತ್ತೆ ಕರೆಯೋರು ಯಾರು? ... ಅಲ್ಲ, ಅದಕ್ಕಲ್ಲ ಹೇಳಿದ್ದು. ನಡೆದದ್ದನ್ನೇ ಬರೆದಿದ್ದೀನಿ.

ಯಾಕೆ ನಗ್ತೀಯ? ... ಓ, ಬೆಳಗ್ಗೆದಾ! ನಿನ್ನಪ್ಪ ಬಂದ ಅಂತ ನಾನು ಗೇಟಿನ ಕಡೆ ಕೈ ಬೀಸಿದ್ದು. ಹೌದಮ್ಮ, ಅದು ನಿನ್ನಪ್ಪ ಅಲ್ಲ, ನೀರು ಬಿಡೋ ಮಾಲಿ. ಏನೀಗ? ನನ್ನ ತಮ್ಮನೂ ಹಾಗೇ ಬೆನ್ನು ಬಗ್ಗಿಸಿಕೊಂಡೇ ನಡೀತಾನೆ. ಬಿಸಿಲು ಬೇರೆ ಕಣ್ಣಿಗೆ ಹೊಡೀತಿತ್ತು. ಕಣ್ಣಿನ ಡಾಕ್ಟರ ಮಾತು ಮತ್ತೆ ಎತ್ತಬೇಡ! ಇಪ್ಪತ್ತಾರು ವರ್ಷ ಬಿಸಿಲಲ್ಲಿ ನಿಂತಿದ್ದೀನಿ, ಒಂದು ದೂರಿಲ್ಲ, ಒಂದೂ ಇಲ್ಲ... ಅತ್ತೆ ಅನ್ನೋ ಸಲಿಗೆ ಮನೇಲಿಟ್ಕೋ. ಇಲ್ಲಿ ನಾನು ಮೇಡಂ.

ಎದ್ದೆಯಾ? ಪೆನ್ನು ಅಲ್ಲೇ ಬಿಟ್ಟು ಎಲ್ಲಿಗೆ? ಇದೇನಿದು, ಕಾರಿಡಾರ್‌ನಲ್ಲಿ ಹೆಜ್ಜೆ ಅಳೀತಿದ್ದೀಯಾ? ... ಓಹೋ. ಅಲ್ಲಿಗೆ ಸ್ಕ್ವೇರ್ ಲೆಗ್‌ನಷ್ಟು ದೂರ ಆಯ್ತು ಅಂತಾನಾ? ನನಗೇ ಪರೀಕ್ಷೆ! ನಿಂತ್ಕೋ, ಧಾರಾಳವಾಗಿ ನಿಂತ್ಕೋ. ಇಲ್ಲಿ ಬಿಸಿಲಿಲ್ಲ, ದೀಪ ಎಲ್ಲಾ ಉರೀತಿವೆ. ಇಗೋ, ಬಾಗಿಲಿಗೇ ಬಂದೆ. ನೋಡ್ತಿದ್ದೀನಿ.

ಕೈ ಕೆಳಗಿದೆ.

... ಕೆಳಗೇ ಇದೆ. ಹೌದು ಅನ್ನು, ಇಲ್ಲ ಅನ್ನು. ಇಲ್ಲ, ತಡಿ... ಎದೆ ಮೇಲಿದೆ. ಎಡಗೈ. ಬಲಗೈಯಾ? ಕೋಟೂ ಬಿಳಿ, ಗೋಡೆಯೂ ಬಿಳಿ... ಅಲ್ಲಾಡಬೇಡ! ... ಅಲ್ಲಾಡ್ತಿಲ್ವಾ ನೀನು?

ಮಗು... ಮೇಡಂ ಬೇಡ, ಅತ್ತೆ ಅನ್ನು. ಏನಾದ್ರೂ ಅನ್ನು. ಈಗ ಕೈ ಎಲ್ಲಾದ್ರೂ ಇರಲಿ, ಬಿಡು.

ಆಗ... ಮೊದಲನೇ ಚೆಂಡಿಗೆ... ಎಲ್ಲಿತ್ತು?