ನಾಲ್ಕು ನಲವತ್ತರ ಗಾಡಿ

ವಾಡಿ ಕಡೆಯಿಂದ ಬರುತ್ತಿದ್ದ ನಮ್ಮ ಪ್ಯಾಸೆಂಜರ್ ಗಾಡಿ, ರಾಯಚೂರು ಇನ್ನೇನು ಬಂತು ಎನ್ನುವಾಗ ಮಳೆಯಲ್ಲಿ ನಿಂತುಬಿಟ್ಟಿತು. ಮುಂದೆ ಹಳಿಯ ಮೇಲೆ ನೀರು ಬಂದಿದೆಯಂತೆ, ಸಿಗ್ನಲ್ ಇಲ್ಲವಂತೆ. ಸಂಜೆ ನಾಲ್ಕೂವರೆಗೇ ಕತ್ತಲೆ ಕವಿದಿತ್ತು. ಬೋಗಿಯ ಸೆಕೆ ತಾಳದೆ ಮೂವರು ಇಳಿದೆವು: ದೇವದುರ್ಗಕ್ಕೆ ಹೊರಟಿದ್ದ ನಾನು, ಯರಗೇರಾದಲ್ಲಿ ಓದುವ ಕಾವ್ಯಾ, ಮಾನ್ವಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅರ್ಬಾಜ್. ಹುಲ್ಲು ಬೆಳೆದ ಹಳೆಯ ಹಳಿಯೊಂದನ್ನು ದಾಟಿ, ಎಂದೋ ಮುಚ್ಚಿಹೋದ ಸಣ್ಣ ನಿಲ್ದಾಣದ ಕಲ್ಲಿನ ಕೋಣೆಗೆ ಓಡಿದೆವು. ಒಳಗೆ ಒಬ್ಬ ಮುದುಕ ಮೊದಲೇ ಕುಳಿತಿದ್ದ. ಎದುರಿಗೆ ಒಂದು ಫ್ಲಾಸ್ಕು, ಎರಡು ಲೋಟ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಪುಸ್ತಕ.

ಅರ್ಬಾಜ್ ಮೊಬೈಲಿನಲ್ಲಿ ಗಾಡಿಯ ವಿವರ ಹುಡುಕತೊಡಗಿದ. ಮುದುಕ ನಕ್ಕ.

“ಅದರಾಗೇನು ನೋಡ್ತಿಯೋ ತಮ್ಮಾ? ನನ್ನ ಕೇಳು. ತಾಯಪ್ಪ ಅಂದ್ರ ಯಾರಂತ ತಿಳಕೊಂಡೀರಿ? ರಾಯಚೂರು ಸ್ಟೇಶನ್ನಿನ ಟೈಮಿನ ಹಲಗಿ ಮೂವತ್ತಾರು ವರ್ಷ ಬರದ ಕೈ ಇದು. ನಾ ಕೆಮ್ಮಿದ್ರ ವಾಡಿಯಿಂದ ಗುಂತಕಲ್ ತನಕ ಡ್ರೈವರುಗೋಳು ಗಡಿಯಾರ ಹೊಂದಿಸ್ಕೋತಿದ್ರು! ಒಮ್ಮೆ ನೆಗಡಿ ಬಂದು ಎರಡು ಸಲ ಕೆಮ್ಮಿದೆ ನೋಡ್ರಿ... ಹನ್ನೊಂದು ಗಾಡಿ ಲೇಟು!”

ಕಾವ್ಯಾಗೆ ನಗು ತಡೆಯಲಾಗಲಿಲ್ಲ. “ಅಜ್ಜಾ, ಎರಡನೇ ಲೋಟ ಯಾರಿಗ್ರಿ?”

ತಾಯಪ್ಪನ ನಗು ನಿಂತಿತು. ಅರ್ಬಾಜನ ಮೊಬೈಲಿನತ್ತ ಬಗ್ಗಿ ಗಂಟೆ ನೋಡಿದ. “ಕುಂದರ್ರಿ, ಇನ್ನೂ ಟೈಮ್ ಅದ. ಹೇಳ್ತೀನಿ.

“ವಲಿ ಪಾಷಾ ಅಂತ, ಮಾನ್ವಿಯಾಗ ರದ್ದಿ ವ್ಯಾಪಾರ ಮಾಡವ, ನನ್ನ ಜೀವದ ಗೆಳ್ಯಾ. ರದ್ದಿಯೊಳಗ ಹಳೇ ಟೈಮ್‌ಟೇಬಲ್ ಸಿಕ್ರ ಅವ ತಕ್ಕಡಿಗೆ ಹಾಕ್ತಿರಲಿಲ್ಲ, ಬಸ್ ಹತ್ತಿ ನನ್ನ ಕಡೆ ತರ್ತಿದ್ದ. ಇಬ್ಬರೂ ಕುಂತು ಓದೂದು... ಯಾವ ಗಾಡಿ ಎಷ್ಟಕ್ಕ, ಎಲ್ಲಿ ನೀರು ಕುಡೀತಿತ್ತು, ಎಲ್ಲಿ ಸಾಹೇಬ್ರ ಊಟಕ್ಕ ನಿಲ್ಲತಿತ್ತು. ಅವ ಊರಿನ ಹೆಸರು ಓದವ, ನಾ ಸೀಟಿ ಊದವ. ನಗಬ್ಯಾಡ್ರಿ! ಹನ್ನೆರಡು ವರ್ಷದ ಹಿಂದ ಈ ಪುಸ್ತಕ ತಂದ. ನೂರಾ ಮೂವತ್ತು ವರ್ಷದ್ದು. ಇದರಾಗ ಒಂದು ಗಾಡಿ ಅದ... ನಂಬರಿಲ್ಲ, ಹೆಸರಿಲ್ಲ, ಮ್ಯಾಲಿಂದ ಕೆಳಗಿನ ತನಕ ಬರೇ ಚುಕ್ಕಿ. ಚುಕ್ಕಿ ಅಂದ್ರ ಏನು? ಆ ಊರಾಗ ಗಾಡಿ ನಿಲ್ಲೂದಿಲ್ಲ ಅಂತ. ಎಲ್ಲೂ ನಿಲ್ಲದ ಗಾಡಿ! ಒಂದೇ ಒಂದು ಕಡೆ ಟೈಮ್ ಬರದಾರ. ಯಾವ ಸ್ಟೇಶನ್? ಇದ... ನಾವು ಕುಂತದ್ದು. ನಾಲ್ಕು ನಲವತ್ತು. ಬಾಜೂಕ ಸಣ್ಣದೊಂದು ಗುರುತು, ಅದರ ಅರ್ಥ ಹಾಳಿಯ ಅಡಿಯಾಗ ಅದ: ಯಾರರ ಕೈ ಎತ್ತಿದ್ರ ಮಾತ್ರ ನಿಲ್ಲತದ. ಮರುವರ್ಷದ ಪುಸ್ತಕದಾಗ ಆ ಗಾಡಿನೇ ಇಲ್ಲ. ಯಾಕ ತಗದ್ರು? ಯಾರಿಗೆ ಗೊತ್ತು...

“‘ನಡಿ ತಾಯಪ್ಪಾ, ನೋಡೇ ಬಿಡೋಣು’ ಅಂದ ವಲಿ. ಇಂಥದ್ದೇ ಮಳಿ. ಇದೇ ಜಾಗ. ಫ್ಲಾಸ್ಕಿನಾಗ ಚಾ. ನಾಲ್ಕು ನಲವತ್ತಾತು, ನಲವತ್ತೈದಾತು... ಏನೂ ಬರಲಿಲ್ಲ. ಅವ ಕಾಡ್ಸಾಕ ಸುರು ಮಾಡಿದ, ‘ಅರೇ, ನಿನ್ನ ಗಾಡಿ ನೂರಾ ಮೂವತ್ತು ವರ್ಷ ಲೇಟಲೇ!’ ಟೈಮ್ ಓದೂದ್ರಾಗ ನಾ ಎಂದೂ ತಪ್ಪಿದವಲ್ಲ ಅಂದೆ. ತಪ್ಪಿದ್ದೆ... ಜನ್ಮದಾಗ ಅದೊಂದ ಸಲ. ಆಗಿನ ಕಾಲದಾಗ ದೇಶಕ್ಕೆಲ್ಲ ಒಂದು ಗಡಿಯಾರ ಎಲ್ಲಿತ್ತು? ರೈಲು ಮದ್ರಾಸಿನ ಗಡಿಯಾರದ ಮ್ಯಾಲ ಓಡತಿದ್ವು. ಅದು ನಮ್ಮ ಈಗಿನದಕ್ಕಿಂತ ಒಂಬತ್ತು ನಿಮಿಷ ಹಿಂದ. ಪುಸ್ತಕದ ನಾಲ್ಕು ನಲವತ್ತು ಅಂದ್ರ ನಮಗ ನಾಲ್ಕು ನಲವತ್ತೊಂಬತ್ತು! ನನಗಿದು ಹೊಳಿಯೂದೂ, ಅವ ಹಳಿ ಕಡೆ ಮುಖ ಮಾಡಿ, ನನ್ನ ಅಣಕಸಾಕ ಅಂತ ಕೈ ಎತ್ತೂದೂ ಒಂದೇ ಆತು.

“ಮೊದಲು ಕಲ್ಲಿದ್ದಲಿನ ಹೊಗಿ ವಾಸನಿ. ಡೀಸೆಲ್ ಗಾಡಿ ಓಡೋ ದಾರಿಯಾಗ ಕಲ್ಲಿದ್ದಲು ಎಲ್ಲಿಂದ ಬರಬೇಕು? ಆಮ್ಯಾಲ ಗಾಡಿ... ಆ ಹುಲ್ಲಿನ ಹಳಿ ಮ್ಯಾಲೆ. ಸಪ್ಪಳಿಲ್ಲ. ಮಳಿ ಅದರ ಮ್ಯಾಲ ಬೀಳಾಕತ್ತಿರಲಿಲ್ಲ. ಬಾಗಲಾ ತೆರದು ಒಬ್ಬ ಇಳದ, ದೊಡ್ಡ ರುಮಾಲು, ಬಗಲಾಗ ಗಂಟು. ‘ಕೈ ಎತ್ತಿದವರು ಯಾರ್ರಿ? ಪುಣ್ಯಾ ಬರ್ಲಿ. ದೇವದುರ್ಗಕ್ಕ ಯಾವ ದಾರಿ?’ ಅಂದ. ನಾ ತೋರಿಸಿದೆ. ತಿರುಗಿ ನೋಡ್ತೀನಿ... ಗಾಡಿನೂ ಇಲ್ಲ, ವಲಿನೂ ಇಲ್ಲ. ಅವನ ಲೋಟದಾಗ ಚಾ ಇನ್ನೂ ಹೊಗಿ ಆಡತಿತ್ತು.

“ತಿಳೀತಲ್ರಿ? ಕೈ ಎತ್ತಿದವರನ್ನ ಗಾಡಿ ಒಯ್ತದ, ಅವರ ಬದಲಿ ಒಬ್ಬರು ಇಳೀತಾರ. ಅವನ ಹೆಂಡ್ತಿ ಖತೀಜಾ ಬೀ ಇವತ್ತಿಗೂ ಫೋನ್ ಮಾಡಿ ಕೇಳ್ತಾಳ, ‘ಭಯ್ಯಾ, ಅವರ ಗಾಡಿ ಎಷ್ಟಕ್ಕ?’ ಮೂರು ತಾಲೂಕಿಗೆ ಟೈಮ್ ಹೇಳಿದವ ನಾ, ಆಕಿಗೆ ಏನ್ ಹೇಳ್ಲಿ? ಅದಕ್ಕ ಮಳಿ ಬಂದ್ರ ಸಾಕು, ಚಾ ತಗೊಂಡು ಬಂದು ಕುಂದರ್ತೀನಿ. ಗಾಡಿ ಹಾದು ಹೋಗತದ. ಕಿಟಕಿಯಾಗ ಅವ ಕುಂತಿರ್ತಾನ, ನನ್ನ ನೋಡ್ತಾನ. ಅವ ಇಳೀಬೇಕಂದ್ರ ನಾನೇ ಕೈ ಎತ್ತಬೇಕು, ಖರೇ... ಎತ್ತಬೇಕಂತೀನಿ, ಏಳೂದಿಲ್ರಿ ಈ ಕೈ.”

ಮಳೆ ಒಂದೇ ಸಮ ಸುರಿಯುತ್ತಿತ್ತು. ತಾಯಪ್ಪ ಮತ್ತೊಮ್ಮೆ ಅರ್ಬಾಜನ ಮೊಬೈಲಿನತ್ತ ಕಣ್ಣು ಹಾಯಿಸಿ, ಥಟ್ಟನೆ ಮೊದಲಿನ ತುಂಟ ನಗೆ ನಕ್ಕ.

“ಹೆದರಿದ್ರೇನು? ಮಾತಿಗೆ ಬಣ್ಣ ಹಚ್ಚೂದು ನನ್ನ ಚಟ. ಈಗ ಹೇಳ್ರಿ ನೋಡೋಣು... ಈ ಮುದುಕ ಸುಳ್ಳು ಹೇಳ್ಯಾನ ಅನ್ನವ್ರು ಕೈ ಎತ್ತರಿ!”

“ನೂರಕ್ಕ ನೂರು ಸುಳ್ಳು ಬಿಡಜ್ಜಾ!” ಅರ್ಬಾಜ್ ನಗುತ್ತ ಮೊಬೈಲು ಹಿಡಿದ ಕೈಯನ್ನೇ ಮೇಲೆತ್ತಿದ. ಅದರ ಬೆಳಕಿನಲ್ಲಿ ಗಂಟೆ ನನಗೂ ಕಾಣಿಸಿತು. ನಾಲ್ಕು ನಲವತ್ತೊಂಬತ್ತು.

ಕಾವ್ಯಾ ದುಪಟ್ಟಾದ ಅಂಚನ್ನು ಮೂಗಿಗೆ ಒತ್ತಿಕೊಂಡಳು. “ಏನೋ ಹೊಗಿ ವಾಸನಿ...”

ತಾಯಪ್ಪ ಆಗಲೇ ಎದ್ದು ಬಾಗಿಲಲ್ಲಿ ನಿಂತು, ಎರಡನೇ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದ.

“ತಪ್ಪು ತಿಳೀಬ್ಯಾಡ ತಮ್ಮಾ,” ಎಂದ, ಅರ್ಬಾಜನತ್ತ ತಿರುಗದೆ. “ವಲಿದು ಚಾ ಆರಿ ಹನ್ನೆರಡು ವರ್ಷ ಆತು.”